ಕಣ್ಣು ಮುಚ್ಚಿ ಆರಿಸಿದ ಕೋಲು

ಅಂಗಡಿಗೆ ಮೊದಲು ಬಂದದ್ದು ಹೋತ. ಹುಡುಗಿ ಬಂದದ್ದು ಆಮೇಲೆ.

ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಆ ಹೋತವನ್ನೇ ಕೇಳಿ, ಅದಿನ್ನೂ ಬದುಕಿದೆ. ಸಾರಾಗಬೇಕಾಗಿದ್ದ ಹೋತ ಸಾಕ್ಷಿಯಾಗಿ ಉಳಿದದ್ದು ಹೇಗೆ ಎನ್ನುವುದೇ ಕಥೆ!

ಹಾಕಿಗೆ ಹೆಸರಾದ ಸಿಮ್ಡೇಗಾ ಪಟ್ಟಣದ ಸ್ಟೇಡಿಯಂ ರಸ್ತೆಯಲ್ಲಿ ಪತ್ರಸ್ ಬಿಲುಂಗ್‌ನ ಅಂಗಡಿ. ಹೊಸ ಹಾಕಿ ಸ್ಟಿಕ್ ಮಾರುವುದು, ಸೀಳಿದ್ದಕ್ಕೆ ಅಂಟು ಹಾಕಿ ಬಿಗಿದು ಕೊಡುವುದು ಅವನ ಕಸುಬು. ಊರಿನವರೆಲ್ಲರ ದನಿ ಅನುಕರಿಸುವುದು ಅವನ ಚಟ. ಆ ಸೋಮವಾರ ಬೆಳಗ್ಗೆಯೂ ಹಾಕಿ ಹಾಸ್ಟೆಲ್ ಹುಡುಗರ ಎದುರು, ನೆಗಡಿಯಾದ ಕೋಚ್ ಸೀಟಿ ಊದುವುದನ್ನು ಮಾಡಿ ತೋರಿಸುತ್ತಿದ್ದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಕಪ್ಪು ಹೋತವೊಂದು ನೆಟ್ಟಗೆ ಒಳಗೆ ನುಗ್ಗಿ, ನೇತುಹಾಕಿದ್ದ, ಹಿಡಿಗೆ ಸುತ್ತುವ ಗ್ರಿಪ್ ಸುರುಳಿಗೆ ಬಾಯಿ ಹಾಕಿತು.

"ಏಯ್! ಯಾರದಪ್ಪಾ ಈ ಗಿರಾಕಿ? ರೇಟ್ ಕೇಳೋದ್ರೊಳಗೇ ರುಚಿ ನೋಡ್ತಿದೆ!"

"ನಮ್ದು."

ಪತ್ರಸ್ ತಿರುಗಿ ನೋಡಿದ.

ಬಾಗಿಲಲ್ಲಿ ಒಬ್ಬ ಹುಡುಗಿ. ಮೊಣಕಾಲಿನವರೆಗೆ ಕೆಂಪು ಧೂಳು. ಒಂದು ಕೈಯಲ್ಲಿ ಹೋತದ ಹಗ್ಗ, ಇನ್ನೊಂದರಲ್ಲಿ ಹೊಗೆ ಕುಡಿದು ಕಪ್ಪಾದ ಮರದ ಕೋಲು. ಕಣ್ಣುಗಳು ಮಾತ್ರ ಅವನ ಮೇಲಿರಲಿಲ್ಲ. ಗೋಡೆಯ ಮೇಲಿನ ನಲವತ್ತು ಸ್ಟಿಕ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಚರ್ಚಿನೊಳಗೆ ಮೊದಲ ಸಲ ಕಾಲಿಟ್ಟ ಮಗುವಿನ ಹಾಗೆ, ಬಾಯಿ ತುಸು ತೆರೆದು...

ಪತ್ರಸ್‌ಗೆ ಯಾಕೋ ಆ ಕೋಚ್‌ನ ದನಿ ಗಂಟಲಲ್ಲೇ ಸಿಕ್ಕಿಕೊಂಡಿತು.

"ದಾದಾ, ಇದನ್ನ ಇಟ್ಕೊಂಡು ಒಂದು ಒಳ್ಳೇ ಸ್ಟಿಕ್ ಕೊಡಿ," ಎಂದಳು. ಅಲ್ಲಿಯವರ ಬಾಯಲ್ಲಿ ಅಣ್ಣನೆಂದರೆ ದಾದಾ.

"ಇದನ್ನ ಅಂದ್ರೆ?"

"ಹೋತನ್ನ."

ಹುಡುಗರು ಕಿಸಕ್ಕೆಂದರು. ಅವಳು ಅವರ ಕಡೆ ತಿರುಗಲೂ ಇಲ್ಲ.

ಪತ್ರಸ್ ಕೇಳಿದ್ದಕ್ಕೆ ಹೆಸರು, ಊರು ಹೇಳಿದಳು. ಅಲ್ಬಿನಾ ಸೋರೆಂಗ್. ಜಾಮ್‌ಟೋಲಿಯವಳು, ವಯಸ್ಸು ಹತ್ತೊಂಬತ್ತು. ಆ ಸೀಮೆಯಲ್ಲಿ ಭಾನುವಾರದ ಪಂದ್ಯ ಗೆದ್ದವರಿಗೆ ಕಪ್, ಪದಕ ಅಂತೆಲ್ಲ ಇಲ್ಲ, ಹೋತ ಕೊಡುತ್ತಾರೆ. ಅದಕ್ಕೇ ಅದು ಖಸ್ಸಿ ಪಂದ್ಯ, ಖಸ್ಸಿ ಎಂದರೆ ಹೋತ. ಗೆದ್ದ ಸಂಜೆಯೇ ಹೋತ ಸಾರಾಗಿ ಇಡೀ ಊರಿನ ತಟ್ಟೆಗೆ ಹಂಚಿಹೋಗಬೇಕು. ತಲೆಮಾರುಗಳಿಂದ ಇದೇ ರೂಢಿ.

ಜಾಮ್‌ಟೋಲಿಯ ಹನ್ನೊಂದು ಹುಡುಗಿಯರು ಹಿಂದಿನ ಸಂಜೆ ಗೆದ್ದ ಹೋತವನ್ನು ಕಡಿಯದೆ ಮೊದಲ ಬಾರಿಗೆ ಆ ರೂಢಿ ಮುರಿದಿದ್ದರು. ಹತ್ತು ದಿನ ಬಿಟ್ಟು ರಾಜ್ಯ ತಂಡದ ಆಯ್ಕೆ. ಕರೆ ಬಂದದ್ದು ಅಲ್ಬಿನಾಗೆ ಮಾತ್ರ. ಅವಳ ಬಳಿ ಇದ್ದದ್ದು ಕಾಡಿನ ಕೋಲು ಮಾತ್ರ. ಒಲೆಯ ಮೇಲಿಟ್ಟಿದ್ದ ಖಾಲಿ ಹಂಡೆಯನ್ನು ಕೆಳಗಿಳಿಸಿ, ತಂಡದ ನಾಯಕಿ ಸಿಸಿಲ್ಯಾ ಹೋತದ ಹಗ್ಗವನ್ನು ಅವಳ ಕೈಗೆ ಸುತ್ತಿದ್ದಳು. "ಹೋಗೇ. ನಾವು ಈ ಭಾನುವಾರ ಸೊಪ್ಪು ತಿಂತೀವಿ."

ಹನ್ನೊಂದು ಜನರ ಹಸಿವನ್ನು ಹಗ್ಗದಲ್ಲಿ ಕಟ್ಟಿ ಎಳೆದುಕೊಂಡು ಬಂದಿದ್ದಳು ಹುಡುಗಿ. ತಪ್ಪು ಸ್ಟಿಕ್ ಆರಿಸಿದರೆ... ದೇವರೇ!

"ಅದು ಬೇಕು," ಎಂದು ಬೆರಳು ತೋರಿಸಿದಳು. ಎಲ್ಲಕ್ಕಿಂತ ಮೇಲಿದ್ದದ್ದು. ಕಪ್ಪಗೆ ಮಿರಿಮಿರಿ ಹೊಳೆಯುವ ಕಾರ್ಬನ್ ಸ್ಟಿಕ್, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ.

ಪತ್ರಸ್ ಅದನ್ನು ಇಳಿಸಲಿಲ್ಲ. "ಅದು ನಿಂಗಲ್ಲ."

"ಯಾಕೆ? ನನ್ನಂಥೋರು ಮುಟ್ಟಬಾರ್ದಾ?"

"ಅಯ್ಯೋ, ಮಾತು ಪೂರ್ತಿ ಕೇಳು ಮಾರಾಯ್ತಿ..." ಅವನು ಇನ್ನೊಂದು ಸ್ಟಿಕ್ ತೆಗೆದು ಅವಳ ಪಕ್ಕ ನೆಟ್ಟಗೆ ನಿಲ್ಲಿಸಿದ. ಅದರ ತುದಿ ಅವಳ ಸೊಂಟದ ಮೂಳೆಯ ಹತ್ತಿರ ಬಂತು. ಅವನ ಬೆರಳುಗಳು ಒಂದು ಗೇಣು ದೂರದಲ್ಲೇ ನಿಂತವು. "ಇಲ್ಲಿಗೆ ಬರ್ಬೇಕು. ಇದಕ್ಕಿಂತ ಉದ್ದ ಆದ್ರೆ ಬಗ್ಗೋಕಾಗಲ್ಲ. ನೀನೇ ಹಿಡ್ಕೊಂಡು ನೋಡು."

ಅವಳು ಹಿಡಿದುಕೊಂಡಳು. ಕೊಡುವಾಗ, ಅವಳ ಎಡಗೈ ತೋರುಬೆರಳಿನ ಬುಡದಲ್ಲಿ ಬಟಾಣಿಯಷ್ಟು ಗಟ್ಟಿಯಾದ ಒಂದು ಜಡ್ಡು ಅವನ ಕಣ್ಣಿಗೆ ಬಿತ್ತು. ಗ್ರಿಪ್ ಇಲ್ಲದ ಕೋಲು ವರ್ಷಗಟ್ಟಲೆ ಕೆತ್ತಿದ ಗುರುತು.

ಎಷ್ಟು ಆಡಿರಬೇಕು ಇವಳು!

"ಒಂದು ಕೆಲಸ ಮಾಡೋಣ," ಎಂದ. "ಕಣ್ಣಿಂದ ಸ್ಟಿಕ್ ಆರಿಸಬಾರ್ದು, ಕಣ್ಣು ಬಣ್ಣಕ್ಕೆ ಮರುಳಾಗುತ್ತೆ. ಕಣ್ಣು ಮುಚ್ಚು. ಗೋಣಿಪಟ್ಟಿ ಸುತ್ತಿ ಮೂರು ಕೊಡ್ತೀನಿ. ಯಾವುದು ಕೈಗೆ ಒಗ್ಗುತ್ತೋ ಹೇಳು."

ಮೊದಲನೆಯದು. "ತಲೆ ಭಾರ," ಎಂದಳು.

ಎರಡನೆಯದು. "ಇದ್ರಲ್ಲಿ ಜೀವ ಇಲ್ಲ."

ಮೂರನೆಯದು ಕೈಗೆ ಬಂತು. ಹೊಸ ಗ್ರಿಪ್‌ನ ಮೆತ್ತನೆಯ ಹಿಡಿ. ಒಮ್ಮೆ ಗಾಳಿಯಲ್ಲಿ ಆಡಿಸಿದಳು. ಮುಖ ಅರಳಿತು!

"ಇದು! ಇದೇ ದಾದಾ! ಯಾವ ದೇಶದ್ದು ಇದು?"

ಪತ್ರಸ್ ಬೆರಗಾದ. ಆ ಮೂರನೆಯದು ಅವಳದೇ ಕೋಲು. ಬಾಗಿಲ ಬಳಿ ಒರಗಿಸಿದ್ದಕ್ಕೆ ಸದ್ದಿಲ್ಲದೆ ಗ್ರಿಪ್ ಸುತ್ತಿ ಕೊಟ್ಟಿದ್ದ. ನೋಡು, ನಿನ್ನ ಕೈಗೆ ಬೇಕಾದ ತೂಕ ನಿನ್ನ ಕೈಗೇ ಗೊತ್ತಿದೆ ಎಂದು ಹೇಳಬೇಕೆಂದಿದ್ದ.

ಆದರೆ ಚಟ ಬಿಡಬೇಕಲ್ಲ! ಬಾಯಿ ತೆರೆದದ್ದೇ, ಹೊರಬಿದ್ದದ್ದು ರೇಡಿಯೋ ಕಾಮೆಂಟರಿಯ ದನಿ. "ಕೇಳುಗರೇ... ಈ ಅಮೋಘ ಸ್ಟಿಕ್ಕು... ಸಾಕ್ಷಾತ್ ಜಾಮ್‌ಟೋಲಿ ದೇಶದ್ದು!"

ಅವಳು ಕಣ್ಣು ಬಿಟ್ಟಳು. ಗೋಣಿಪಟ್ಟಿ ಕಳಚಿತು. ಹುಡುಗರು ಗೊಳ್ಳೆಂದು ನಕ್ಕರು.

ಅವಳ ಮುಖ ಕೆಂಪೇರಿತು, ಆಮೇಲೆ ಬಿಳಿಚಿಕೊಂಡಿತು.

"ನಗಿ," ಎಂದಳು ಮೆಲ್ಲಗೆ. "ಹನ್ನೊಂದು ಜನ ಉಣ್ಣದೆ ಬಿಟ್ಟಿದ್ದು ನಿಮಗೆ ನಗೋಕೆ ಅಲ್ವಾ?"

"ಅಲ್ಬಿನಾ, ಹಾಗಲ್ಲ, ನಾನು..."

ಹೋತದ ಹಗ್ಗ ಎಳೆದುಕೊಂಡು ಅವಳು ರಸ್ತೆ ದಾಟಿಯಾಗಿತ್ತು. ನೆಟ್ಟಗೆ ಎದುರು ಅಂಗಡಿಗೆ. ಅಲ್ಲೂ ಅಂಥದೇ ಹೊಳೆಯುವ ಸ್ಟಿಕ್ ಇತ್ತು. ಹೋತ ಒಳಗೆ ಹೋಯಿತು, ಸ್ಟಿಕ್ ಹೊರಗೆ ಬಂತು.

ಪತ್ರಸ್‌ನ ಕೈಯಲ್ಲಿ ಅವಳ ಕಾಡುಕೋಲು ಉಳಿಯಿತು. ಹುಡುಗರು ನಗುತ್ತಲೇ ಇದ್ದರು. ಆ ನಗುವನ್ನು ಹುಟ್ಟಿಸಿದ ತನ್ನ ಬಾಯಿಯ ಮೇಲೆ ಅವನಿಗೆ ಮೊದಲ ಸಲ ಅಸಹ್ಯವಾಯಿತು.

* * *

ಹೊಸ ಸ್ಟಿಕ್ ಹಿಡಿದು ಅಲ್ಬಿನಾ ಊರ ಮೈದಾನಕ್ಕಿಳಿದಾಗ ಹುಡುಗಿಯರೆಲ್ಲ ಸುತ್ತ ನೆರೆದರು. ಯಾರೂ ಮುಟ್ಟಲಿಲ್ಲ. ಎಣ್ಣೆ ಹಚ್ಚಿದ ಹಾವು ಮಲಗಿದ ಹಾಗೆ ಕಾಣುತ್ತಿತ್ತು ಅದು.

"ಅಬ್ಬಾ!" ಎಂದಳು ಸಿಸಿಲ್ಯಾ. "ನಮ್ಮ ಹೋತ ಎಷ್ಟು ಚೆಂದ ಆಗ್ಬಿಟ್ಟಿದೆ ನೋಡ್ರೇ!"

ಎಲ್ಲರೂ ನಕ್ಕರು. ಅಲ್ಬಿನಾ ಮಾತ್ರ ಚೆಂಡು ಹುಡುಕುವವಳಂತೆ ಅತ್ತ ತಿರುಗಿದಳು.

ಮೊದಲ ಚೆಂಡು ಬಂತು. ಸ್ಟಿಕ್‌ಗೆ ತಾಗಿ ಟಣ್ಣನೆ ಎರಡು ಮಾರು ಆಚೆ ಸಿಡಿಯಿತು. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಅವಳ ಕೋಲಿನಲ್ಲಿ ಚೆಂಡು ಬೆಕ್ಕಿನಮರಿಯಂತೆ ಬಂದು ಮಲಗುತ್ತಿತ್ತು. ಇದರಲ್ಲಿ ಬಿಸಿ ಬಾಣಲೆಗೆ ಬಿದ್ದ ನೀರಿನಂತೆ ಚಿಮ್ಮುತ್ತಿತ್ತು. ಉದ್ದವೂ ಹೆಚ್ಚು. ಬಗ್ಗಿದರೆ ಹಿಡಿಯ ತುದಿ ಹೊಟ್ಟೆಗೆ ತಿವಿಯುತ್ತಿತ್ತು.

"ಹೊಸದಲ್ವಾ, ಪಳಗುತ್ತೆ ಬಿಡೇ," ಎಂದಳು ಸಿಸಿಲ್ಯಾ.

ಪಳಗಲಿಲ್ಲ. ಇವರಲ್ಲಿ ಯಾರಾದರೂ ಒಬ್ಬಳು ಬೈದರೂ ಸಾಕು, ಎದೆ ಹಗುರಾಗುತ್ತೆ... ಎಂದುಕೊಂಡಳು ಅಲ್ಬಿನಾ. ಯಾರೂ ಬೈಯಲಿಲ್ಲ. ವಾರ ಕಳೆದು, ಭಾನುವಾರ ಪೂಜೆ ಮುಗಿಸಿ ಬಂದು ಎಲ್ಲರೂ ಒಟ್ಟಿಗೇ ಮತ್ತೆ ಅನ್ನ, ಸೊಪ್ಪು ಉಂಡರು. ಹನ್ನೊಂದು ತಟ್ಟೆಗಳನ್ನೂ ಅವಳು ಎಣಿಸಿದಳು. ಒಂದರಲ್ಲೂ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಆ ಮಧ್ಯಾಹ್ನವೇ ಪಕ್ಕದೂರಲ್ಲಿ ಖಸ್ಸಿ ಪಂದ್ಯ. ಮೈದಾನದ ಅಂಚಿಗೆ ಸಾಲ್ ಮರದ ಕೊಂಬೆಯ ಚಪ್ಪರ, ಅದರಲ್ಲಿ ಮೈಕು. ಮೈಕಿನಿಂದ ಬಂದ ದನಿ ಕೇಳಿ ಅಲ್ಬಿನಾ ನಿಂತಲ್ಲೇ ನಿಂತಳು.

ಅವನೇ! ಪತ್ರಸ್!

"ಬಂತು ನೋಡ್ರಪ್ಪಾ, ಸಿಸಿಲ್ಯಾ ಡುಂಗ್‌ಡುಂಗ್ ಹತ್ರ ಚೆಂಡು! ಅಮ್ಮ ಮಾರ್ಕೆಟ್ಟಿಗೆ ಹೋದೋರು ಇನ್ನೂ ಬಂದಿಲ್ಲ, ಆದ್ರೆ ಮಗಳು ಗೋಲ್ ಹತ್ರ ಬಂದೇಬಿಟ್ಳು!" ಜನ ಹೋ ಎಂದರು. ಅಂಪೈರ್‌ನನ್ನೂ ಬಿಡಲಿಲ್ಲ. "ಅಂಪೈರ್ ಸಾಹೇಬ್ರು ಸೀಟಿ ಹುಡುಕ್ತಿದಾರೆ, ಕುತ್ತಿಗೇಲೇ ಇದೆ ಸಾರ್!"

ಆದರೆ ಅಲ್ಬಿನಾಗೆ ಚೆಂಡು ಬಂದೊಡನೆ ಮೈಕು ಸ್ತಬ್ಧ.

ಒಂದು ಸಲವಲ್ಲ, ಪ್ರತಿ ಸಲವೂ. ಅವಳು ಚೆಂಡು ಕೈಬಿಟ್ಟಾಗಲೂ ಮೌನ, ಎಡವಿದಾಗಲೂ ಮೌನ.

'ಬೈಯೋಕೂ ಯೋಗ್ಯಳಲ್ಲ ಅಂತಾನಾ?' ಅವಳ ಕಣ್ಣು ತುಂಬಿತು.

ಮೊದಲರ್ಧ ಮುಗಿಯಿತು. ಜಾಮ್‌ಟೋಲಿ ಎರಡು ಗೋಲು ಹಿಂದೆ. ಅಲ್ಬಿನಾ ಮರದಡಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದಳು. ಎದುರಿಗೆ ಯಾರೋ ಬಂದು ನಿಂತದ್ದು ಗೊತ್ತಾಯಿತು.

"ಮೈಕಲ್ಲಿ ನನ್ನ ಹೆಸರು ಹೇಳೋಕೂ ನಾಚಿಕೆ ಅಲ್ವಾ ನಿಮಗೆ?" ತಲೆ ಎತ್ತದೆಯೇ ಕೇಳಿದಳು.

"ಹೆದರಿಕೆ," ಎಂದ ಪತ್ರಸ್. ಯಾರ ದನಿಯೂ ಅಲ್ಲ, ಅವನದೇ ದನಿ. "ನಾನು ಏನಂದ್ರೂ ಜನ ನಗ್ತಾರೆ. ನಿನ್ನ ನೋಡಿ ಇನ್ನೊಂದು ಸಲ ಯಾರೂ ನಗೋದು ಬೇಡ ಅಂತ ಬಾಯಿ ಮುಚ್ಕೊಂಡೆ."

ಅವಳು ತಲೆ ಎತ್ತಿದಳು.

ಅವನ ಕೈಯಲ್ಲಿ ಅವಳ ಕೋಲಿತ್ತು. ಜೊತೆಗೆ ಒಂದು ಹಳೇ ಸ್ಟಿಕ್. ಹೊಳಪಿಲ್ಲ, ಚಿನ್ನದ ಅಕ್ಷರವಿಲ್ಲ, ಹಿಪ್ಪುನೇರಳೆ ಮರದ್ದು.

"ಒಂದು ತೋರಿಸ್ಲಾ? ಬೇಡ ಅಂದ್ರೆ ಹೋಗ್ಬಿಡ್ತೀನಿ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅವನು ಕೂತು ಎಡಗೈ ತೋರುಬೆರಳ ಮೇಲೆ ಕೋಲನ್ನು ಅಡ್ಡಲಾಗಿ ಇಟ್ಟ. ಕೋಲು ಅತ್ತಿತ್ತ ತೂಗಿ, ಒಂದು ಕಡೆ ಅಲುಗದೆ ನಿಂತಿತು. ಬಲಗೈ ಬೆರಳ ಮೇಲೆ ಸ್ಟಿಕ್ ಇಟ್ಟ. ಅದೂ ನಿಂತಿತು. ಎರಡೂ ಅಕ್ಕಪಕ್ಕ, ಒಂದೇ ಜಾಗದಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ... ರೆಕ್ಕೆ ಬಿಚ್ಚಿದ ಎರಡು ಹಕ್ಕಿಗಳು ಗಾಳಿಯಲ್ಲಿ ನಿಂತ ಹಾಗೆ.

ಅಲ್ಬಿನಾ ಮುಂದಕ್ಕೆ ಬಾಗಿದಳು. ಸುತ್ತ ಬಂದು ನಿಂತಿದ್ದ ಹುಡುಗಿಯರೂ ಬಗ್ಗಿ ನೋಡಿದರು.

"ಎಂಟು ವರ್ಷದಿಂದ ಈ ಬೆರಳ ಮೇಲೆ ಸ್ಟಿಕ್ ತೂಗ್ತಿದೀನಿ," ಎಂದ. "ಕಾರ್ಖಾನೇಲಿ ಯಂತ್ರ ಇಟ್ಟು ಮಾಡಿದ್ದೂ ಇಷ್ಟು ನೆಟ್ಟಗೆ ನಿಂತಿಲ್ಲ. ಈ ಕೋಲು ಆರಿಸಿದ್ದು ಯಾರು?"

"ನಾನೇ."

"ಹೇಗೆ?"

ಅಲ್ಬಿನಾಗೆ ಅದು ಹೇಳುವಂಥ ವಿಷಯ ಎಂದೇ ಅನಿಸಿರಲಿಲ್ಲ. "ಬೀಡಿ ಎಲೆ ಬಿಡೋ ಕೆಂದು ಮರದಡಿ ಮಲಗಿ ಮೇಲೆ ನೋಡ್ತೀನಿ. ತಾನಾಗೇ ಬಗ್ಗಿರೋ ಕೊಂಬೆ ಬೇಕು, ನಾವು ಬಗ್ಗಿಸಿದ್ದಲ್ಲ. ಕುಡುಗೋಲಿನ ಹಿಡಿಯಿಂದ ಬಡಿದ್ರೆ ಒಳಗೆ ಗಟ್ಟಿ ಇದ್ಯಾ ಅಂತ ಗೊತ್ತಾಗುತ್ತೆ. ಆಮೇಲೆ ಒಂದು ಚಳಿಗಾಲ ಒಲೆ ಮೇಲೆ ಹೊಗೇಲಿ ಇಡ್ತೀವಿ. ದಿನಾ ಒಂಚೂರು ಕೆತ್ತಿ, ಬೀಸಿ ನೋಡಿ, ಮತ್ತೆ ಇಡೋದು. ಅಷ್ಟೇ..."

"ಅಷ್ಟೇ ಅಂತೆ!" ಪತ್ರಸ್ ಹಣೆ ಚಚ್ಚಿಕೊಂಡ. "ಕಣ್ಣು ಮುಚ್ಕೊಂಡು ಅಂಗಡಿ ಸ್ಟಿಕ್‌ನೆಲ್ಲ ಬಿಟ್ಟು ಇದನ್ನೇ ಹಿಡಿದ್ಯಲ್ಲ, ಅವತ್ತು ನನ್ನ ಮೈ ಜುಮ್ಮೆಂದಿತ್ತು. ನಿಂಗೆ ಹೇಳಬೇಕಾಗಿದ್ದು ಅದು. ಆದ್ರೆ ನಂಗೆ ಗಾಬರಿ ಆದ್ರೆ ಬೇರೆಯವರ ದನಿ ಬಂದ್ಬಿಡುತ್ತೆ. ತಪ್ಪಾಯ್ತು."

ಸಿಸಿಲ್ಯಾ ಅವನ ಕೈಯ ಸ್ಟಿಕ್ ನೋಡಿದಳು. "ಇದೆಲ್ಲಿ ಸಿಕ್ತು ದಾದಾ?"

"ನನ್ನದೇ. ನಾನು ಆಡ್ತಿದ್ದಾಗಿಂದು. ಈ ವಾರ ಪೂರ್ತಿ ಕೆರೆದು, ಹಿಡಿ ಕತ್ತರಿಸಿ, ಪಟ್ಟಿ ಸುತ್ತಿ, ಬಿಚ್ಚಿ, ಕೋಲಿನ ತೂಕಕ್ಕೆ ತಂದೆ." ಅಲ್ಬಿನಾ ಕಡೆ ತಿರುಗಿದ. "ಇನ್ನೊಂದು ವಿಷಯ. ನಿನ್ನ ಕೋಲು ಸುತ್ತಲೂ ಗುಂಡಗಿದೆ, ಅದಕ್ಕೆ ಹಿಂದು ಮುಂದು ಇಲ್ಲ. ಎರಡು ಕಡೆಯಿಂದಲೂ ಹೊಡೆದು ಅಭ್ಯಾಸ ನಿಂಗೆ. ಇಲ್ಲಿ ಯಾರೂ ಕೇಳಲ್ಲ. ಆಯ್ಕೆ ಪಂದ್ಯದಲ್ಲಿ ಸ್ಟಿಕ್‌ನ ಗುಂಡು ಬೆನ್ನು ಚೆಂಡಿಗೆ ತಾಗಿದ್ರೆ ಫೌಲ್ ಅಂತ ಸೀಟಿ. ಅದಕ್ಕೇ ಗ್ರಿಪ್ ಕೆಳಗೆ, ಬೆನ್ನಿನ ಕಡೆ, ಒಂದು ಗೋಣಿದಾರದ ಗಂಟು ಇಟ್ಟಿದೀನಿ. ಮುಟ್ಟಿ ನೋಡು."

ಅವಳು ಎಡಗೈಯಲ್ಲಿ ಹಿಡಿದಳು. ಗಂಟು ಸರಿಯಾಗಿ ಆ ಜಡ್ಡಿನ ಕೆಳಗೆ ಬಂದು ಕೂತಿತು!

ಒಂದು ಸಲ ಕೈ ನೋಡಿದ್ದಕ್ಕೆ ಇಷ್ಟು ಕರಾರುವಾಕ್ಕಾಗಿ... ಅಲ್ಬಿನಾ ಅವನ ಮುಖ ನೋಡಿದಳು.

"ಇದಕ್ಕೆ ನಾನೇನು ಕೊಡ್ಲಿ? ಹೋತ ಹೋಯ್ತು."

"ಈ ಕೋಲು ನಂಗೆ ಕೊಟ್ಬಿಡು. ಸಾಕು."

ಎರಡನೆಯ ಅರ್ಧದಲ್ಲಿ ಮೂರು ಸಲ ಸ್ಟಿಕ್‌ನ ಬೆನ್ನು ತಾಗಿಸಿ ನಾಲಿಗೆ ಕಚ್ಚಿಕೊಂಡಳು. ನಾಲ್ಕನೆಯ ಸಲ ಗಂಟು ಬೆರಳಿಗೆ ಒತ್ತಿ ಎಚ್ಚರಿಸಿತು. ಚೆಂಡು ಬಂತು, ನಿಂತಿತು. ಬೆಕ್ಕಿನಮರಿಯಂತೆಯೇ! ಮೈಕು ಈಗಲೂ ಮೌನವಾಗಿತ್ತು. ಆದರೆ ಆ ಮೌನದಲ್ಲಿ ಯಾರೋ ಉಸಿರು ಬಿಗಿಹಿಡಿದಿರುವುದು ಮೈದಾನಕ್ಕೆಲ್ಲ ಕೇಳಿಸುತ್ತಿತ್ತು.

ಪಂದ್ಯ ಸೋತರು. ಅಲ್ಬಿನಾ ಮಾತ್ರ ನಗುತ್ತಾ ಮನೆಗೆ ಹೋದಳು.

* * *

ಆಯ್ಕೆಯ ದಿನ ಸ್ಟೇಡಿಯಂನ ಗೇಟು ದಾಟಿದ ಅಲ್ಬಿನಾ ಅಲ್ಲೇ ನಿಂತುಬಿಟ್ಟಳು. ಆಕಾಶವನ್ನು ಇಳಿಸಿ ನೆಲಕ್ಕೆ ಹಾಸಿದ್ದಾರೋ ಎಂಬಂಥ ನೀಲಿ ಕೃತಕ ಹುಲ್ಲಿನ ಮೈದಾನ. ಒಂದು ಕಲ್ಲಿಲ್ಲ, ಒಂದು ಗುಂಡಿಯಿಲ್ಲ. ನೀರು ಚಿಮುಕಿಸಿದ್ದರು, ಅದರ ಮೇಲೆ ಬಿಸಿಲು ನಡೆದಾಡುತ್ತಿತ್ತು. ಇದರ ಮೇಲೆ ಕಾಲಿಡಬಹುದಾ? ಬಗ್ಗಿ ಅಂಗೈಯಿಂದ ಮುಟ್ಟಿ, ಆ ಕೈಯನ್ನು ಎದೆಗೆ ಒತ್ತಿಕೊಂಡಳು.

ಮೊದಲ ಚೆಂಡು ಬಾಣದಂತೆ ಬಂತು. ಕೈ ತಾನಾಗಿ ತಿರುಗಿತು... ಬೆನ್ನಿನ ಕಡೆಗೆ! ಗಂಟು ಒತ್ತಿತು. ಮಣಿಕಟ್ಟು ಹೊರಳಿಸಿದಳು. ಚೆಂಡು ಅವಳ ಪಾದದ ಬಳಿ ಬಂದು ತಣ್ಣಗೆ ನಿಂತಿತು. ಇಡೀ ಜಾಮ್‌ಟೋಲಿ ಅವಳ ಮುಂಗೈಯಲ್ಲಿ ನಿಂತಿತ್ತು, ಹನ್ನೊಂದು ತಟ್ಟೆ, ಒಂದು ಕೆಂದು ಮರ, ಮತ್ತು ಒಬ್ಬ ಬಾಯಿಬಡುಕನ ಒಂದು ವಾರದ ಮೌನ.

ಆಮೇಲೆ ಅವಳು ಓಡಿದ್ದನ್ನು ನೋಡಿದವರು ಈಗಲೂ ಆ ಮಾತು ಬಂದರೆ ಚಹಾ ಲೋಟ ಕೆಳಗಿಡುತ್ತಾರೆ.

* * *

ಅದೇ ಮಧ್ಯಾಹ್ನ ಸಿಸಿಲ್ಯಾ ಮತ್ತು ಹುಡುಗಿಯರು ಪತ್ರಸ್‌ನ ಅಂಗಡಿಗೆ ಬಂದರು. ಎಲ್ಲರ ಮುಖವೂ ಜೋತುಬಿದ್ದಿತ್ತು.

ಗೋಡೆಯ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಕಾರ್ಬನ್ ಸ್ಟಿಕ್ ಇದ್ದ ಜಾಗದಲ್ಲಿ ಕಾಡುಕೋಲು ತೂಗುತ್ತಿತ್ತು. ಅಂಗಡಿಯ ಹಿಂದೆ ಹೋತ ಮೆಲುಕು ಹಾಕುತ್ತಿತ್ತು. ಎದುರು ಅಂಗಡಿಯವನ ಎರಡು ಡಜನ್ ಶೂ ಲೇಸು ತಿಂದಿದ್ದರಿಂದ, ಪತ್ರಸ್ ಅಲ್ಬಿನಾ ತನ್ನ ಕೈಗೆ ಕೊಟ್ಟಿದ್ದ ಹೊಳೆಯುವ ಸ್ಟಿಕ್ ಮರಳಿಸಲು ಹೋದಾಗ, ಆತ ಕೈಮುಗಿದು ಹಗ್ಗ ಕೊಟ್ಟುಬಿಟ್ಟಿದ್ದ.

"ಏನಾಯ್ತು?" ಪತ್ರಸ್ ಎದ್ದು ನಿಂತ. "ಅಲ್ಬಿನಾ ಎಲ್ಲಿ?"

"ಊರಿಗೆ ಹೋದ್ಳು," ಸಿಸಿಲ್ಯಾ ನಿಟ್ಟುಸಿರುಬಿಟ್ಟಳು. "ಪತ್ರಸ್ ದಾದಾಗೆ ನಿಜವಾಗ್ಲೂ ಸ್ಟಿಕ್ ಆರಿಸೋಕೆ ಬರುತ್ತಾ, ಪರೀಕ್ಷೆ ಮಾಡ್ಕೊಂಡು ಬಾ ಅಂದಿದಾಳೆ. ಕಣ್ಣು ಮುಚ್ಚು."

ಮುಖದಲ್ಲಿ ರಕ್ತವೇ ಇಲ್ಲದಂತಾಯಿತು ಅವನಿಗೆ. ಸ್ಟೂಲಿನ ಮೇಲೆ ಕುಸಿದು ಕೂತ. ಹುಡುಗಿಯರು ಗೋಣಿಪಟ್ಟಿಯಿಂದ ಕಣ್ಣು ಕಟ್ಟಿದರು.

ಮೊದಲನೆಯದು ಕೈಗೆ ಬಂತು. "ತಲೆ ಭಾರ," ಎಂದ ಕುಗ್ಗಿದ ದನಿಯಲ್ಲಿ. "ಸಿಸಿಲ್ಯಾ, ತಪ್ಪೆಲ್ಲ ನಂದೇ ಅಂತ ಹೇಳು ಅವಳಿಗೆ. ಅವಳ ಆಟದಲ್ಲಿ ತಪ್ಪಿಲ್ಲ. ಅಂಥ ಕೈ ನಾನು ನೋಡೇ ಇಲ್ಲ."

"ಹ್ಞೂಂ... ಮತ್ತೆ?"

"ಮತ್ತೇನು... ಅವಳು ಬಾಗಿಲಲ್ಲಿ ನಿಂತು ಈ ಗೋಡೆ ನೋಡಿದ್ಳಲ್ಲ, ಅವತ್ತಿಂದ ನಂಗೆ ನನ್ನ ಅಂಗಡೀನೇ ಹೊಸದಾಗಿ ಕಾಣ್ತಿದೆ. ಯಾರ ದನಿ ಮಾಡೋಕೆ ಹೋದ್ರೂ ಅವಳ ದನೀನೇ ಕೇಳ್ಸುತ್ತೆ. ಅವಳು ಇನ್ನು ಬರಲ್ಲ ಅಂದ್ರೆ... ನಾನೂ ಇಲ್ಲಿ ಕೂರಲ್ಲ."

ಯಾರೋ ಮೂಗೆಳೆದುಕೊಂಡರು.

ಎರಡನೆಯದು ಕೈಗೆ ಬಂತು. ಒರಟು, ಬಾಗಿದ್ದು, ಬುಡ ಬಿಸಿ. "ಇದ್ಯಾವ ಮರ? ಬೊಡ್ಡೆ ಕಡೆ ಕೂದಲಿದೆ..." ಎನ್ನುವಷ್ಟರಲ್ಲಿ ಅದು 'ಮ್ಯಾಽಽ' ಎಂದಿತು!

"ಅಯ್ಯಪ್ಪಾ!" ಪತ್ರಸ್ ಸ್ಟೂಲಿನಿಂದ ಹಿಂದಕ್ಕೆ ಬಿದ್ದ. ಹೋತದ ಕೊಂಬು ಅವನ ಕೈಯಿಂದ ತಪ್ಪಿಸಿಕೊಂಡಿತು. ಹುಡುಗಿಯರ ನಗು ಸ್ಫೋಟಿಸಿತು.

"ಪಟ್ಟಿ ಬಿಚ್ಚಬೇಡ! ಇನ್ನೊಂದಿದೆ!"

ಮೂರನೆಯದು ಕೈಗೆ ಬಂತು.

ಬೆಚ್ಚಗಿತ್ತು. ಅವನ ಹೆಬ್ಬೆರಳು ಮೆಲ್ಲಗೆ ಸರಿದು, ತೋರುಬೆರಳಿನ ಬುಡದಲ್ಲಿ ಬಟಾಣಿಯಷ್ಟು ಗಟ್ಟಿಯಾದ ಒಂದು ಜಡ್ಡಿನ ಮೇಲೆ ನಿಂತಿತು.

ಪತ್ರಸ್ ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟ.

"ಇದು..." ಎಂದ. "ಇದೇ."

"ಯಾವ ದೇಶದ್ದು?" ಕೇಳಿತು ಅಲ್ಬಿನಾಳ ದನಿ.

ಪಟ್ಟಿ ಕಳಚಿ ನೋಡಿದ. ರಾಜ್ಯ ತಂಡದ ಹೊಸ ಜರ್ಸಿ ತೊಟ್ಟು ಅವಳು ಎದುರಿಗೇ ಕೂತಿದ್ದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತುಂಟತನ.

"ಆಯ್ಕೆ... ಆಯ್ತಾ?"

"ಆಯ್ತು. ತಂಡದ್ದೂ ಆಯ್ತು, ಇದರದ್ದೂ ಆಯ್ತು," ಎಂದಳು, ಕೈ ಬಿಡಿಸಿಕೊಳ್ಳದೆ. "ಈ ಸಲ ಕಣ್ಣು ತೆರೆದೇ ಆರಿಸಿದೀನಿ, ದಾದಾ."

"ಇನ್ನೂ ದಾದಾನಾ?"

ಅವಳು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, ಮೊದಲ ಸಲ, "...ಪತ್ರಸ್."

"ಹಾಗಾದ್ರೆ ಹೋತ ಮದುವೆ ಊಟಕ್ಕೇ ಇರಲಿ!" ಎಂದು ಸಿಸಿಲ್ಯಾ ಕೂಗಿದಳು.

ಅಲ್ಬಿನಾ ಹೋತದ ಕುತ್ತಿಗೆ ತಬ್ಬಿಕೊಂಡಳು. "ಇದನ್ನ ಕಡಿಯೋದಾದ್ರೆ ನಂಗೆ ಮದುವೇನೇ ಬೇಡ! ಸೊಪ್ಪಿನ ಊಟ ಹಾಕ್ಸಿ."

ಪತ್ರಸ್ ಅವಳನ್ನು ನೋಡಿದ, ಹೋತವನ್ನು ನೋಡಿದ. ಹೋತದ ಬಾಯಿಂದ ಅವನ ಕಣ್ಣಿಗೆ ಕಟ್ಟಿದ್ದ ಗೋಣಿಪಟ್ಟಿಯ ಕೊನೆಯ ಗೇಣು ನೇತಾಡುತ್ತಿತ್ತು. ಮೊದಲು ಅವನ ಭುಜ ಕುಲುಕಿತು, ಆಮೇಲೆ ಹೊಟ್ಟೆ. ಬಿದ್ದಲ್ಲಿಂದ ಏಳದೆಯೇ, ಅವಳ ಕೈಯನ್ನೂ ಬಿಡದೆ, ಎದುರು ಅಂಗಡಿಯವನು ಹೊರಗೆ ಬಂದು ನೋಡುವಷ್ಟು ಜೋರಾಗಿ ನಕ್ಕ. ಹನ್ನೊಂದು ಹುಡುಗಿಯರ ನಗುವೂ ಅವನೊಬ್ಬನ ನಗುವಿನೊಳಗೆ ಮುಳುಗಿಹೋಯಿತು. ಅದು ಯಾರ ಅನುಕರಣೆಯೂ ಆಗಿರಲಿಲ್ಲ.